ಖಾಲಿ ಅಂದವರ ಭರಣಿ

ನಮ್ಮ ಮಾವನಿಗೆ ಊರಿಟ್ಟ ಹೆಸರು ಅನುಮಾನಪ್ಪ. ಇದು ಬೆನ್ನ ಹಿಂದಿನ ಹೆಸರು. ಎದುರಿಗೆ ಎಲ್ಲರೂ 'ಯಜಮಾನ್ರೇ' ಎಂದೇ ಕರೆಯುತ್ತಾರೆ, ಯಾಕೆಂದರೆ ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಕೋವಿ ಇರುತ್ತದೆ. ಅವರದು ಕೋವಿ ರಿಪೇರಿಯ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೊಲಿಗೆ ಯಂತ್ರ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡಿದೆ. ನಾನು ಅವರ ಒಬ್ಬನೇ ಅಳಿಯ, ಕನ್ನಡಕದ ಅಂಗಡಿ ಇಟ್ಟುಕೊಂಡವನು. ಮದುವೆಗೆ ಒಪ್ಪಿಗೆ ಕೇಳಲು ಹೋದ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೇರೆಯವರಿಗೆ ಕಣ್ಣು ಕಾಣೋ ಹಾಗೆ ಮಾಡ್ತೀರಿ, ಸರಿ. ನಿಮಗೆ ಕಾಣುತ್ತಾ?" ಎಂದಿದ್ದರು. ಅವತ್ತಿನಿಂದ ನಮ್ಮಿಬ್ಬರದು ಹೀಗೇ ನಡೆದಿದೆ. ಹಾಗಾಗಿ ಈ ಬರಹದಲ್ಲಿ ಹೊಗಳಿಕೆ ಹುಡುಕಬೇಡಿ. ಬೇಕಿದ್ದರೆ ಅವರನ್ನೇ ಕೇಳಿ, ಧಾರಾಳವಾಗಿ ಕೊಡುತ್ತಾರೆ.

ಅಂಗಡಿಯೊಳಗೆ ಒಂದು ಉದ್ದನೆಯ ಮೇಜು, ಎಣ್ಣೆ ಕುಡಿದು ಕಪ್ಪಾದ ಬಟ್ಟೆಗಳು, ಗೋಡೆಗೆ ಒತ್ತಿಟ್ಟ ಒಂದು ದೊಡ್ಡ ಮರಳಿನ ಪೆಟ್ಟಿಗೆ. ಯಾವ ಕೋವಿ ಒಳಗೆ ಬಂದರೂ ಅದರ ಮೂತಿ ಮೊದಲು ಆ ಮರಳಿನ ಕಡೆ ತಿರುಗಬೇಕು. ಆಮೇಲೆ ಮಾವ ಅದನ್ನು ಬಿಚ್ಚುತ್ತಾರೆ, ಕಣ್ಣಿಟ್ಟು ನೋಡುತ್ತಾರೆ, ಕಿರುಬೆರಳು ತೂರಿಸಿ ಮತ್ತೊಮ್ಮೆ ನೋಡುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ತಂದವನೂ ಬಗ್ಗಿ ನೋಡಿ 'ನೋಡಿದೆ' ಎಂದು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ನಡೆಯುವುದಿಲ್ಲ. ಒಪ್ಪದವನ ಕೋವಿಯನ್ನು ಮಾವ ಮುಟ್ಟುವುದಿಲ್ಲ. ಈ ಪದ್ಧತಿ ಶುರು ಮಾಡಿದವರು ಅವರಪ್ಪ. ಅವರೂ ಇದೇ ಮೇಜಿನ ಮುಂದೆ ಬೆನ್ನು ಬಗ್ಗಿಸಿದವರು.

ಇಷ್ಟಾದರೂ ಬರುವವರೆಲ್ಲ ಬಾಗಿಲಲ್ಲೇ ಹೇಳುವ ಮೊದಲ ಮಾತು ಒಂದೇ: "ಖಾಲಿ ಇದೆ, ಯಜಮಾನ್ರೇ."

ಮೇಜಿನ ಮೂಲೆಯಲ್ಲಿ ಒಂದು ಗಾಜಿನ ಭರಣಿ ಇದೆ. 'ಖಾಲಿ' ಕೋವಿಗಳಿಂದ ಹೊರಬಿದ್ದ ತೋಟಾಗಳೆಲ್ಲ ಅದರಲ್ಲಿವೆ. ಮಾವ ಮದ್ದನ್ನೆಲ್ಲ ತೆಗೆದು, ಬರೀ ಹೊರಕವಚಕ್ಕೆ ಒಂದೊಂದು ಚೀಟಿ ಕಟ್ಟಿ ಒಳಗೆ ಹಾಕುತ್ತಾರೆ. ಹೆಸರಿಲ್ಲ, ಬರೀ ವೃತ್ತಿ. 'ವಕೀಲರು. ಮಕ್ಕಳಾಣೆ ಅಂದರು.' 'ಡ್ರಿಲ್ ಮಾಸ್ತರು. ನನಗೇ ಹೇಳಿಕೊಡ್ತೀರಾ ಅಂದರು.' 'ತೋಟದ ಸಾಹುಕಾರರು. ನಿನ್ನೆ ತಾನೇ ತೆಗೆದೆ ಅಂದರು.' 'ಹಲ್ಲಿನ ಡಾಕ್ಟರು. ನಕ್ಕರು.' ಈ ಕೊನೆಯ ಚೀಟಿಯಿಂದಾಗಿ ಮಾವ ಇವತ್ತಿಗೂ ಪಕ್ಕದ ಡಾಕ್ಟರ ಕುರ್ಚಿಯಲ್ಲಿ ಕೂತಿಲ್ಲ. ಹಲ್ಲು ನೋವು ಬಂದರೆ ಎರಡು ಬಸ್ ಬದಲಾಯಿಸಿ ಬೇರೆ ಊರಿಗೆ ಹೋಗುತ್ತಾರೆ. "ಕೋವಿ ಒಳಗೇ ನೋಡದವನು ನನ್ನ ಬಾಯೊಳಗೆ ಏನು ನೋಡ್ತಾನೆ?" ಎನ್ನುವುದು ಅವರ ವಾದ.

ಲೈಸೆನ್ಸ್ ಕಚೇರಿಯ ಬಗ್ಗೆ ಅವರನ್ನು ಕೆಣಕಿದರಂತೂ ಮುಗಿಯಿತು, ಊಟದ ಹೊತ್ತು ಮೀರುತ್ತದೆ. ಅರ್ಜಿಯಲ್ಲಿ 'ಕೋವಿ ಏಕೆ ಬೇಕು?' ಎಂಬ ಪ್ರಶ್ನೆಗೆ ಊರಿನವರೆಲ್ಲ 'ಆತ್ಮರಕ್ಷಣೆಗಾಗಿ' ಎಂದು ಬರೆಯುತ್ತಾರೆ. ನವೀಕರಣಕ್ಕೆ ಹೋದಾಗ ಗುಮಾಸ್ತ ಚೀಲದ ಬಾಯನ್ನು ನಾಲ್ಕು ಬೆರಳು ಸರಿಸಿ, ಕೋವಿಯ ಮೇಲಿನ ನಂಬರು ಓದಿ, ಮುದ್ರೆ ಒತ್ತುತ್ತಾನೆ. "ಒಳಗೆ ತೋಟಾ ಅಲ್ಲ, ಹಾವಿದ್ರೂ ಮುದ್ರೆ ಬೀಳುತ್ತೆ. ನಂಬರ್ ಸರಿ ಇದ್ರೆ ಸಾಕು," ಎಂದು ಮಾವ ಕೈ ಕೈ ಹಿಸುಕಿಕೊಳ್ಳುತ್ತಾರೆ.

ಇಂಥ ಮನುಷ್ಯನ ಮನೆಯ ಪಡಸಾಲೆಯಲ್ಲೂ ಒಂದು ಕೋವಿ ನೇತಾಡುತ್ತಿತ್ತು.

ಜೋಡಿ ನಳಿಗೆಯದು. ಸೋಫಾದ ಮೇಲೆ, ಗೋಡೆಯ ಎರಡು ಗೂಟಗಳ ಮೇಲೆ ಮಲಗಿತ್ತು. ಮಾವನ ಅಪ್ಪನದು. ಇಪ್ಪತ್ತಾರು ವರ್ಷದ ಹಿಂದೆ, ಸಾಯುವುದಕ್ಕೆ ಹತ್ತು ದಿನ ಮೊದಲು ಅವರು ಅದನ್ನು ಒರೆಸಿ, ಗೂಟದ ಮೇಲಿಟ್ಟು, "ಖಾಲಿ ಇದೆ, ಮುಟ್ಬೇಡ" ಎಂದಿದ್ದರಂತೆ. ಮಗ ಆ ಮಾತನ್ನು ಶಿರಸಾವಹಿಸಿ ನಡೆಸಿಕೊಂಡು ಬಂದಿದ್ದರು. ಪ್ರತಿ ಭಾನುವಾರ ಕುರ್ಚಿ ಹತ್ತಿ ಹೊರಮೈಯನ್ನು ಮಿರಮಿರ ಮಿಂಚುವಂತೆ ಒರೆಸುತ್ತಿದ್ದರು. ಬಿಚ್ಚುತ್ತಿರಲಿಲ್ಲ. ಅದೂ ಆತ್ಮರಕ್ಷಣೆಗೇ ಇದ್ದದ್ದು. ಒಮ್ಮೆ ಮಟಮಟ ಮಧ್ಯಾಹ್ನ ಕಳ್ಳನೊಬ್ಬ ಅಂಗಳದ ಸೈಕಲ್ಲನ್ನೂ ಒಣಹಾಕಿದ್ದ ಮಾವನ ಎರಡು ಪ್ಯಾಂಟುಗಳನ್ನೂ ಸಾವಕಾಶವಾಗಿ ಒಯ್ದ. ಆಗ ಮಾವ ಕೋವಿಯ ಕೆಳಗೇ ಗೊರಕೆ ಹೊಡೆಯುತ್ತಿದ್ದರು. ಇಬ್ಬರಿಗೂ ಎಚ್ಚರವಾಗಲಿಲ್ಲ.

ಇದೆಲ್ಲ ನಮಗೆ ತಮಾಷೆಯಾಗಿಯೇ ಇತ್ತು, ಮಗು ಹುಟ್ಟುವವರೆಗೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮಗುವಿಗೆ ಹನ್ನೊಂದು ತಿಂಗಳಾದಾಗ ಅವಳ ರಜೆ ಮುಗಿಯಿತು. ಹಗಲು ಹೊತ್ತು ಮಗುವನ್ನು ಅತ್ತೆ ನೋಡಿಕೊಳ್ಳುವುದೆಂದು ಮಾತಾಗಿತ್ತು. ಅತ್ತೆ ತಿಂಗಳ ಮೊದಲೇ ಮನೆಯ ಮೂಲೆಮೂಲೆ ತೊಳೆದು, ಮೇಜಿನ ಚೂಪು ಅಂಚುಗಳಿಗೆ ಬಟ್ಟೆ ಸುತ್ತಿ, ದಿನ ಎಣಿಸುತ್ತಿದ್ದರು. ಮಾವ ಕೋವಿಯ ಹಿಡಿ ಮಾಡಿ ಉಳಿದ ಮರದ ತುಂಡುಗಳನ್ನು ಉಜ್ಜಿ ಒಂದು ನೂಕುಗಾಡಿ ಮಾಡಿದ್ದರು, ನಿಂತು ತಳ್ಳಿಕೊಂಡು ಹೋಗುವಂಥದ್ದು. ಎಷ್ಟು ನುಣುಪಾಗಿತ್ತೆಂದರೆ ನನಗೇ ತಳ್ಳಿ ನೋಡಬೇಕೆನಿಸಿತು. ಅದನ್ನು ತಂದು ಸೋಫಾದ ಪಕ್ಕ, ಸರಿಯಾಗಿ ಕೋವಿಯ ಕೆಳಗೆ ನಿಲ್ಲಿಸಿದ್ದರು.

ಆ ಭಾನುವಾರ ಬೆಳಿಗ್ಗೆ ನಾವು ಮಗುವನ್ನು ಕರೆದುಕೊಂಡು ಹೋದೆವು. ನನ್ನ ಹೆಂಡತಿ ಹೊಸ್ತಿಲಲ್ಲೇ ನಿಂತಳು.

"ಅಪ್ಪ, ಅದು ಗೋಡೆ ಮೇಲಿರೋವರೆಗೂ ಮಗು ಈ ಮನೆ ಒಳಗೆ ಬರಲ್ಲ."

"ಯಾವುದು?" ಎಂದರು ಮಾವ. ಗೊತ್ತಿದ್ದೇ ಕೇಳಿದ್ದು.

"ಕೋವಿ."

"ಅಯ್ಯೋ, ಅದು ಖಾಲಿ ಕಣೇ."

ನಾನು ಫಕ್ಕನೆ ನಕ್ಕುಬಿಟ್ಟೆ. ಆ ನಗುವಿನ ಫಲವನ್ನು ಇನ್ನೂ ಉಣ್ಣುತ್ತಿದ್ದೇನೆ. ಮಾವ ನನ್ನ ಕಡೆ ತಿರುಗಿ, "ನಿಮಗೇನು ತಮಾಷೆ ಅನ್ನಿಸ್ತು?" ಎಂದರು.

"ಏನಿಲ್ಲ ಮಾವ. ಒಂದು ಚೀಟಿ ಕಣ್ಣ ಮುಂದೆ ಬಂತು," ಎಂದೆ.

ಮಾವನ ಮುಖ ಕೆಂಪಗಾಯಿತು. "ಊರವರ ಮಾತು ಬೇರೆ. ಇದು ನಮ್ಮಪ್ಪ ಹೇಳಿದ್ದು. ಈ ಕೆಲಸ ನನಗೆ ಕಲಿಸಿದ್ದೇ ಅವರು. ಈಗ ಬಿಚ್ಚಿ ನೋಡಿದ್ರೆ ಏನರ್ಥ? ನಮ್ಮಪ್ಪ ಸುಳ್ಳ ಅಂತ ತಾನೇ?"

"ಸುಳ್ಳ ಅಂತ ಅಲ್ಲಪ್ಪ. ಅವತ್ತು ತಾತಂಗೆ ಹುಷಾರಿರ್ಲಿಲ್ಲ. ಅಷ್ಟೇ ನಾನು ಹೇಳೋದು."

"ಇಪ್ಪತ್ತಾರು ವರ್ಷದಿಂದ ಯಾರಿಗೇನಾಯ್ತು? ಹೇಳು. ಒಬ್ಬರಿಗಾದ್ರೂ ಏನಾದ್ರೂ ಆಯ್ತಾ?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಅವರ ಕಣ್ಣು ಕೋವಿಯ ಮೇಲಿರಲಿಲ್ಲ, ಗಂಡನ ಮೇಲೂ ಇರಲಿಲ್ಲ, ನನ್ನ ಹೆಗಲ ಮೇಲಿದ್ದ ಮಗುವಿನ ಮೇಲಿತ್ತು. ಇನ್ನೊಂದು ಮಾತು ಜಾಸ್ತಿಯಾದರೆ ಮಗು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅಪ್ಪ ಮಗಳು ಇಬ್ಬರೂ ಹಿಡಿದ ಹಟ ಬಿಡುವವರಲ್ಲ.

ಆಗ ನನ್ನ ಹೆಂಡತಿ, ಮದುವೆಯಾಗಿ ಆರು ವರ್ಷದಲ್ಲಿ ನನಗೂ ಹೇಳದ ಒಂದು ವಿಷಯ ಹೇಳಿದಳು.

"ನಂಗೆ ಎಂಟು ವರ್ಷ ಆಗ. ನೀನು ಅಂಗಡಿಗೆ ಹೋಗಿದ್ದೆ. ನೀನು ಒರೆಸೋಕೆ ಹತ್ತೋ ಕುರ್ಚಿನೇ ಹಾಕ್ಕೊಂಡು ಅದನ್ನ ಇಳಿಸಿದ್ದೆ. ಭಾರ ಇತ್ತು. ಸೋಫಾದ ಬೆನ್ನಿನ ಮೇಲಿಟ್ಟು ಗುರಿ ಹಿಡಿದೆ. ಅಮ್ಮ ಅಡುಗೆಮನೇಲಿ ತರಕಾರಿ ಹೆಚ್ತಾ ಇದ್ಲು. ಇಲ್ಲಿಗೆ ಬೆನ್ನು ಕಾಣ್ತಾ ಇತ್ತು. ಟ್ರಿಗರ್ ಎಳೆದೆ ಅಪ್ಪ. ಗಟ್ಟಿಯಿತ್ತು. ಎರಡು ಕೈಯಲ್ಲೂ ಎಳೆದೆ, ಬರ್ಲಿಲ್ಲ. ಬೇಜಾರಾಗಿ ವಾಪಸ್ ಇಟ್ಟೆ."

ಅತ್ತೆಯ ಕೈ ಸುಮ್ಮನೆ ಹಿಂದಕ್ಕೆ ಹೋಗಿ ತಮ್ಮ ಬೆನ್ನನ್ನು ಮುಟ್ಟಿಕೊಂಡಿತು. ಇಷ್ಟು ವರ್ಷ ಆ ಕೋವಿಯ ಬಗ್ಗೆ ನಾನು ಹಾರಿಸಿದ ಕುಹಕಗಳೆಲ್ಲ ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಖಾಲಿ ಇತ್ತು," ಎಂದರು ಮಾವ. ದನಿ ಸಣ್ಣದಾಗಿತ್ತು. "ಖಾಲಿನೇ ಇತ್ತು, ಮಗಳೇ."

"ನಮ್ಮ ವಾರ್ಡಿಗೆ ಬಂದು ಹಾಗನ್ನೋರನ್ನ ನಾನು ನೋಡಿದ್ದೀನಿ, ಅಪ್ಪ. ಅವರು ಎತ್ಕೊಂಡು ಬಂದಿರ್ತಾರಲ್ಲ, ಆ ಮಕ್ಕಳು ಏನೂ ಅನ್ನಲ್ಲ. ಇಳಿಸಿ ತೋರ್ಸು. ಅಂಗಡೀಲಿ ತೋರಿಸ್ತೀಯಲ್ಲ, ಹಾಗೆ."

ಮಾವ ಕುರ್ಚಿ ಎಳೆದರು, ಹತ್ತಿದರು, ಕೋವಿಯನ್ನು ಇಳಿಸಿದರು. ಗೋಡೆಯ ಮೇಲೆ ಅದರ ಆಕಾರದ ಬಿಳಿ ಗುರುತು ಉಳಿಯಿತು. ಪಡಸಾಲೆಯ ನಡುವೆ ನಿಂತು ಅವರು ಸುತ್ತ ನೋಡಿದರು. ಅಂಗಡಿಯಲ್ಲಿ ಮರಳಿನ ಪೆಟ್ಟಿಗೆ ಇದೆ. ಇಲ್ಲಿ ಒಂದು ಕಡೆ ಅಡುಗೆಮನೆ, ಒಂದು ಕಡೆ ಪಕ್ಕದ ಮನೆ, ಬೀದಿ ಕಡೆಯ ಹೊಸ್ತಿಲಲ್ಲಿ ನಾವು. ನಾಲ್ಕನೆಯ ಗೋಡೆಯ ಆಚೆ ಹಿತ್ತಲು. ಅಲ್ಲಿ ಸೌದೆ ರಾಶಿ ಬಿಟ್ಟರೆ ಯಾರೂ ಇರಲಿಲ್ಲ. ಅವರು ನಿಧಾನವಾಗಿ ಕೋವಿಯ ಮೂತಿಯನ್ನು ಆ ಗೋಡೆಯ ಕಡೆ ತಿರುಗಿಸಿದರು.

"ಎಲ್ಲರೂ ನನ್ನ ಹಿಂದೆ ಬನ್ನಿ," ಎಂದರು.

"ಖಾಲಿ ಇದ್ರೆ ಹಿಂದೆ ಯಾಕಪ್ಪ ಬರ್ಬೇಕು?"

ಮಾವನ ಕೈ ಹಾಗೇ ನಿಂತುಬಿಟ್ಟಿತು. ಹಣೆಯಿಂದ ಬೆವರು ಇಳಿದು ಮೂಗಿನ ಮೇಲೆ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ನಾವೆಲ್ಲ ಸದ್ದಿಲ್ಲದೆ ಅವರ ಹಿಂದೆ ಹೋಗಿ ನಿಂತೆವು. ಹೊರಗೆ ಅಷ್ಟು ಮಿಂಚುತ್ತಿದ್ದ ಕೋವಿಯ ಒಳಗೆಲ್ಲ ತುಕ್ಕು ಹಿಡಿದಿತ್ತು. ನಳಿಗೆ ಬಿಚ್ಚುವ ಚಿಲಕವನ್ನು ಹೆಬ್ಬೆರಳಲ್ಲಿ ಎಷ್ಟು ಒತ್ತಿದರೂ ಸರಿಯಲಿಲ್ಲ. ಮೂತಿಯನ್ನು ಗೋಡೆಯಿಂದ ಆಚೀಚೆ ಮಾಡದೆ, ಮೊಣಕಾಲು ಕೊಟ್ಟು, ಹಲ್ಲು ಕಚ್ಚಿ ಒತ್ತಿದರು. ಕೊನೆಗೆ ಕಿರ್ರೆಂದು ನಳಿಗೆ ಬಾಗಿತು. ಮಾವ ಕಣ್ಣಿಟ್ಟರು. ಕಿರುಬೆರಳು ತೂರಿಸಿದರು, ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ. ಬೆರಳಿಗೆ ಅಂಟಿ ಬಂದದ್ದು ಜೇಡರ ಬಲೆ ಮತ್ತು ಕೆಂಪು ತುಕ್ಕು.

ಖಾಲಿ.

ನನಗೆ ಕೇಕೆ ಹಾಕಬೇಕೆನಿಸಿತು. ಮಾವ ಗೆದ್ದಿದ್ದರು, ಅವರಪ್ಪನೂ ಗೆದ್ದಿದ್ದರು. ಇನ್ನು ಹತ್ತು ವರ್ಷ ಈ ಗೆಲುವನ್ನು ಊಟದ ಹೊತ್ತಿನಲ್ಲಿ ಕೇಳಬೇಕಲ್ಲ ಎಂದು ಒಳಗೊಳಗೇ ಮರುಗಿಕೊಂಡೆ ಕೂಡ. ಆದರೆ ಮಾವ ಗೆದ್ದವರ ಹಾಗೆ ಕಾಣಲಿಲ್ಲ. ಸೋಫಾದ ಅಂಚಿಗೆ ಕುಸಿದು ಕೂತರು. ಬಿಚ್ಚಿದ ಕೋವಿ ತೊಡೆಯ ಮೇಲಿತ್ತು.

ಅತ್ತೆ ಬಂದು ಬಗ್ಗಿ ನೋಡಿದರು. "ನೋಡಿದೆ," ಎಂದರು. ನನ್ನ ಹೆಂಡತಿಯೂ ನೋಡಿ, "ನೋಡಿದೆ" ಎಂದಳು. ನಾನೂ ನೋಡಿ ಹೇಳಿದೆ, ತಲೆಯಾಡಿಸಿ ಬಚಾವಾಗಲು ಹೋಗಲಿಲ್ಲ.

ಮಾವ ಮಗಳ ಮುಖ ನೋಡಲಾರದೆ ತಮ್ಮ ಕಿರುಬೆರಳನ್ನೇ ನೋಡುತ್ತ, "ಎರಡು ಕೈಯಲ್ಲೂ ಎಳೆದ್ಯಾ?" ಎಂದು ಕೇಳಿದರು.

"ಹೂಂ."

ಮಾವ ಅತ್ತರು. ನನ್ನೆದುರು ಅವರು ಅತ್ತದ್ದು ಅದೊಂದೇ ಸಲ. ಹೆಂಡತಿ ಮಗುವನ್ನು ನನ್ನ ಹೆಗಲಿಂದ ಎತ್ತಿ ಅತ್ತೆಯ ಕೈಗೆ ಕೊಟ್ಟಳು. ಮಗು ನೂಕುಗಾಡಿ ಕಂಡು ಕೈಕಾಲು ಬಡಿಯತೊಡಗಿತು.

ಮರುದಿನ ಬೆಳಿಗ್ಗೆಯೇ ಮಾವ ಕೋವಿಯನ್ನು ಪೊಲೀಸ್ ಠಾಣೆಗೆ ಒಯ್ದರು, ಲೈಸೆನ್ಸನ್ನೂ ಒಪ್ಪಿಸಲಿಕ್ಕೆ. ಜೊತೆಗೆ ನಾನೂ ಹೋಗಿದ್ದೆ. 'ಒಪ್ಪಿಸಲು ಕಾರಣ' ಎಂಬ ಜಾಗದಲ್ಲಿ ಮಾವ 'ಆತ್ಮರಕ್ಷಣೆಗಾಗಿ' ಎಂದು ಬರೆದರು. ಮೇಜಿನಾಚೆಯ ಪೇದೆ ಅದನ್ನು ಎರಡು ಸಲ ಓದಿ, ನಂಬರು ನೋಡಿ, ಮುದ್ರೆ ಎತ್ತಿಕೊಂಡು, "ಖಾಲಿ ಇದೆ ಅಲ್ವಾ, ಯಜಮಾನ್ರೇ?" ಎಂದ.

"ಗೊತ್ತಿಲ್ಲ. ನೀವೇ ಬಿಚ್ಚಿ ನೋಡಿ," ಎಂದರು ಮಾವ. ಅವನು ಬಗ್ಗಿ ನೋಡಿ, ಬಾಯಿಬಿಟ್ಟು ಹೇಳುವವರೆಗೂ ಅಲ್ಲಿಂದ ಕದಲಲಿಲ್ಲ.

ಈಗ ಆ ಗೂಟಗಳಿಗೆ ಛತ್ರಿ ನೇತು ಹಾಕಿದ್ದಾರೆ. ಮಗು ದಿನವಿಡೀ ನೂಕುಗಾಡಿ ತಳ್ಳಿಕೊಂಡು ಗೋಡೆಗೆಲ್ಲ ಗುದ್ದುತ್ತದೆ. ನನ್ನನ್ನು ಮಾತಲ್ಲಿ ತಿವಿಯುವ ಕೆಲಸಕ್ಕೆ ಮಾವ ಒಂದು ವಾರ ರಜೆ ಕೊಟ್ಟು ಮತ್ತೆ ಹಾಜರಾಗಿದ್ದಾರೆ.

ಮೊನ್ನೆ ಅವರ ಹೊಸ ಕನ್ನಡಕ ಕೊಡಲು ಅಂಗಡಿಗೆ ಹೋಗಿದ್ದೆ. ಅವರು ಯಾರದೋ ಕೋವಿಯ ಮೂತಿಯನ್ನು ಮರಳಿಗೆ ತಿರುಗಿಸಿ ಬಗ್ಗಿ ನೋಡುತ್ತಿದ್ದರು. ನಾನು ಭರಣಿಯನ್ನು ಕೈಗೆತ್ತಿಕೊಂಡೆ. ತೋಟಾಗಳ ಮೇಲೆ ಒಂದು ಹೊಸ ಚೀಟಿ ಬಿದ್ದಿತ್ತು. ಅದಕ್ಕೆ ಯಾವ ತೋಟಾವನ್ನೂ ಕಟ್ಟಿರಲಿಲ್ಲ. ಮಾವನ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಕೋವಿ ರಿಪೇರಿಯವನು. ಖಾಲಿ ಅಂದ. ಖಾಲಿಯೇ ಇತ್ತು. ಅವನಿಗೆ ಗೊತ್ತಿರಲಿಲ್ಲ.'