ಎಡಕ್ಕೆ ಬಿದ್ದ ಪಕಳೆ

ಯೆರವಡಾದ ಕಂಪ್ಯೂಟರ್ ಕಂಪನಿಗಳ ಹಿಂದೆ ಯಾದಗಿರಿ ಕಡೆಯಿಂದ ದುಡಿಯಲು ಬಂದ ಮಂದಿಯ ಓಣಿಯೊಂದಿದೆ. ಅಲ್ಲಿನ ಮರಗಮ್ಮ ದೇವಿಯ ಗುಡಿಯ ಪೂಜಾರಿ ಗುರಣ್ಣ. ಮೊದಲು ಗೋಡೆಗೆ ಗಿಲಾವು ಮಾಡುತ್ತಿದ್ದ. ಸೊಂಟ ಕೈಕೊಟ್ಟ ಮೇಲೆ ದೇವಿ ಕೈಹಿಡಿದಳು. ಅಮಾವಾಸ್ಯೆಗೊಮ್ಮೆ ಕಣ್ಣು ಮುಚ್ಚಿ, "ಬಾಯಿಲ್ಲದ್ದು ಮಾತಾಡೀತು, ಮಂದಿ ಕಿವಿ ಕೊಟ್ಟೀತು" ಎಂದು ಕಾಲಜ್ಞಾನ ನುಡಿಯುತ್ತಿದ್ದ. ಅವನಪ್ಪನೂ ಅದನ್ನೇ ನುಡಿದು ಸತ್ತಿದ್ದ, ಯಾರೂ ಕ್ಯಾರೇ ಅಂದಿರಲಿಲ್ಲ. ಈಗ ಓಣಿಯ ಫೋನುಗಳೆಲ್ಲ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡತೊಡಗಿದ ಮೇಲೆ ಗುರಣ್ಣನ ದರ್ಜೆಯೇ ಏರಿಬಿಟ್ಟಿತು. ಅವನಿಗೂ ಒಳಗೊಳಗೆ ಆಶ್ಚರ್ಯವೇ. ತಾನು ಹೇಳಿದ್ದು ನಿಜವಾಗುವುದು ಅವನಿಗೆ ರೂಢಿಯಿರಲಿಲ್ಲ.

ಅವನ ನಿಜವಾದ ಅಧಿಕಾರವಿದ್ದದ್ದು ಹೂವಿನಲ್ಲಿ. ಮದುವೆಯಿರಲಿ, ಮನೆ ಕಟ್ಟುವುದಿರಲಿ, ಓಣಿಯವರು ದೇವಿಯ ಅಪ್ಪಣೆ ಕೇಳುತ್ತಾರೆ. ಗುರಣ್ಣ ದೇವಿಯ ಎರಡೂ ಭುಜಕ್ಕೆ ಸೇವಂತಿಗೆಯ ಒದ್ದೆ ಪಕಳೆ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಬೀಳಬಾರದ್ದಕ್ಕೆ ತುಸು ಹೆಚ್ಚು ನೀರು ಹಚ್ಚುವುದನ್ನು ಅವನು ಮೋಸ ಎಂದುಕೊಂಡಿರಲಿಲ್ಲ, ದೇವಿಗೆ ಸಹಾಯ ಎಂದುಕೊಂಡಿದ್ದ. ಎಷ್ಟೋ ಕುಡುಕ ವರಗಳನ್ನು ಹೀಗೆಯೇ ಓಡಿಸಿದ್ದ ಎನ್ನುವುದೂ ಸುಳ್ಳಲ್ಲ.

ಓಣಿಯ ಶರಣಮ್ಮ ಮಗಳು ರೇಣುವಿಗೆ ನರ್ಸಿಂಗ್ ಓದು ಬಿಡಿಸಿ, ಅವಳನ್ನು ತನ್ನ ತಮ್ಮ ಅಂಬಾದಾಸನಿಗೆ ಮದುವೆ ಮಾಡಿಕೊಡಬೇಕೆಂದಿದ್ದಳು. ಗುಡಿಗೆ ಹೊಸ ತಗಡು ಹೊದಿಸಿದವನು ಈ ಅಂಬಾದಾಸನೇ. ರೇಣು ಒಲ್ಲೆ ಎಂದಳು, ಈ ಮದುವೆ ಒಳ್ಳೆಯದಾದೀತೇ ಎಂದು ಫೋನಿಗೆ ಕೇಳಿದಳು. ಭವಿಷ್ಯ ತನಗೆ ಗೊತ್ತಿಲ್ಲ, ನಿರ್ಧಾರ ನಿನ್ನದೇ ಎಂದಿತು ಅದು.

"ಬಾಯಿ ಬಂದು ಏನಾತು? ಒಂದ್ ಮಾತು ಗಟ್ಟಿ ಹೇಳ್ಲಾಕ ಬರಲ್ಲ ಅದಕ್ಕ," ಎಂದಳು ಶರಣಮ್ಮ. "ಶುಕ್ರವಾರ ದೇವಿನೇ ಹೇಳ್ತಾಳ."

ಶುಕ್ರವಾರ ಸಂಜೆ ಗುರಣ್ಣ ಪಕಳೆ ಬಿಡಿಸುತ್ತಿದ್ದಾಗ ರೇಣು ಎಲ್ಲರಿಗಿಂತ ಮೊದಲೇ ಬಂದಳು.

"ಮುತ್ಯಾ, ಪಕಳಿ ಯಾಕ ಬೀಳ್ತದಂತ ಫೋನಿಗಿ ಕೇಳಿದ್ನಿ. ನೀರು ಮೊದಲ ಆರಿದ್ದು ಮೊದಲ ಬೀಳ್ತದಂತ."

ಗುರಣ್ಣನ ಕೈ ನಿಂತಿತು. "ಮತ್ತೇನ್ ಕೇಳಿದಿ?"

"ಇದು ಮಂದಿಗಿ ಹೇಳಬೇಕಾ ಬ್ಯಾಡಾ ಅಂತ ಕೇಳಿದ್ನಿ. ನಿರ್ಧಾರ ನಿಂದೇ ಅಂತು."

ಗುರಣ್ಣ ಲೆಕ್ಕ ಹಾಕಿದ. ಬಲಗಡೆಯದನ್ನು ಬೀಳಿಸಿದರೆ ಹುಡುಗಿ ಬಾಯಿ ಬಿಡುತ್ತಾಳೆ; ಎಡಗಡೆಯದನ್ನು ಬೀಳಿಸಿದರೆ ಅಂಬಾದಾಸ ತಗಡು ಬಿಚ್ಚುತ್ತಾನೆ. ಓಣಿಯೆಲ್ಲ ಬಂದು ಕೂತಾಗ ಅವನು ಎರಡಕ್ಕೂ ಒಂದೇ ಸಮ ನೀರು ಹಚ್ಚಿ, ಕೈಮುಗಿದು, ತಾಯಿ, ಇವತ್ತು ನೀನೇ ನೋಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಪೂಜಾರಿಯಾದ ಮೇಲೆ ಅವನು ದೇವಿಯನ್ನು ನಿಜಕ್ಕೂ ಕೇಳಿದ್ದು ಅದೇ ಮೊದಲು.

ಎಡಗಡೆಯ ಪಕಳೆ ಬಿತ್ತು.

ಶರಣಮ್ಮ ಅತ್ತಳು. ಅಂಬಾದಾಸ ತಲೆಯೆತ್ತಿ ತಗಡು ನೋಡಿದ, ಆದರೆ ದೇವಿಗೆ ಎದುರಾಡಲಿಲ್ಲ. ಗುರಣ್ಣನಿಗೆ ಆದದ್ದು ಭಯವೋ ಸಂತೋಷವೋ, ಬಿದ್ದ ಪಕಳೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಮಂದಿ ಹೋಗುವವರೆಗೆ ಕಾದು, ರೇಣುವಿನ ಕೈ ಹಿಡಿದುಕೊಂಡ.

"ಇವತ್ತ ನಾ ಏನೂ ಮಾಡಿಲ್ಲವ್ವ. ದೇವಿ ಆಣಿ, ಆಕಿನೇ ಬೀಳ್ಸಿದಳು."

ರೇಣು ನಕ್ಕಳು. "ಆಯ್ತು ಮುತ್ಯಾ. ನಾ ಯಾರಿಗೂ ಹೇಳಲ್ಲ ಬಿಡು."