ರೆಕ್ಕೆಸಿಂಹದ ಕಾಗದ

ನಮ್ಮ ಕಂಪ್ಯೂಟರ್ ಮೇಷ್ಟ್ರು ಸೀಡಿಯನ್ನು ಎಂದೂ ಅಂಗೈಯಲ್ಲಿ ಹಿಡಿದವರಲ್ಲ. ನಡುವಿನ ತೂತಿಗೆ ತೋರುಬೆರಳು ತೂರಿಸಿ, ಕಿಟಕಿಯ ಬೆಳಕಿಗೆ ಎತ್ತಿ, ಬಳೆಗಾರ ಬಳೆಯಲ್ಲಿ ಬಿರುಕು ಹುಡುಕುವಂತೆ ತಿರುಗಿಸಿ ನೋಡುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣನ್ನು ತಿನ್ನತೊಡಗಿದ ಮೇಲೂ ಅದೇ ಚಾಳಿ.

ಮಧುಗಿರಿಯಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ಅವರ ತರಗತಿ. ಟೈಪಿಂಗ್ ಕಲಿಯಲೆಂದು ಬಡವನಹಳ್ಳಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದ ನನಗೆ ಅವರು ಬೇರೆಯದನ್ನೇ ತೋರಿಸಿದರು. ತೆರೆಯ ಮೇಲೆ ಕೈಕಾಲು ತಿರುಗಿಸಿ ನಿಲ್ಲಿಸಿ ಚಿತ್ರ ಮಾಡಬಹುದಾದ ಗೊಂಬೆಗಳು: ಕೊಂಬಿನ ಕುದುರೆ, ಹಾವಿನ ಬಾಲದ ಹೆಂಗಸು, ರೆಕ್ಕೆಯಿರುವ ಸಿಂಹ. ಯಾವ್ಯಾವುದೋ ದೇಶದವರು ಮಾಡಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟವು; ಮೇಷ್ಟ್ರು ಇಳಿಸಿ ಸೀಡಿಗೆ ತುಂಬಿಟ್ಟಿದ್ದರು. ಪ್ರತಿ ಗೊಂಬೆಯ ಜೊತೆ, ಮಾಡಿದವರು ಬರೆದ ಪುಟ್ಟ ಫೈಲೊಂದು ಇರುತ್ತಿತ್ತು. ಮೇಷ್ಟ್ರು ಅದನ್ನು ಕಾಗದ ಎನ್ನುತ್ತಿದ್ದರು. ಕೆಲವರು ಏನಕ್ಕಾದರೂ ಬಳಸಿ ಎನ್ನುವರು, ಕೆಲವರು ಖುಷಿಗೆ ಮಾತ್ರ, ದುಡಿಮೆಗೆ ಬೇಡ ಎನ್ನುವರು. ಒಮ್ಮೆ ನಾನು ಕಾಗದ ಬಿಟ್ಟು ನೇರ ಸಿಂಹವನ್ನೇ ತೆರೆದೆ. ಪಟ್ಟನೆ ಮಾನಿಟರ್ ಆರಿಸಿದರು.

"ಮೊದ್ಲು ಕಾಗದ, ಆಮೇಲೆ ಗೊಂಬೆ. ಕೊಟ್ಟೋರ ಮಾತು ಕೇಳ್ದೆ ಎತ್ಕಂಡ್ರೆ ಕದ್ದಂಗೆ ಕಣಮ್ಮ."

ಪುಕ್ಕಟೆ ಮಾಲಿಗೂ ಇಷ್ಟು ಶಾಸ್ತ್ರವೇ ಎಂದು ಹಲ್ಲು ಕಡಿದಿದ್ದೆ.

ಹೋದ ವರ್ಷ ನನಗೆ ಮೊಟ್ಟಮೊದಲ ಬಾರಿ ಪುಸ್ತಕವೊಂದರ ಮುಖಪುಟ ಮಾಡುವ ಕೆಲಸ ಸಿಕ್ಕಿತು. ತರಗತಿಯ ದಿನಗಳಲ್ಲಿ ಆ ರೆಕ್ಕೆಸಿಂಹದಿಂದ ಮಾಡಿದ್ದ ಚಿತ್ರದ ಹಳೇ ಪ್ರಿಂಟ್ ನೋಡಿದ ಪ್ರಕಾಶಕರು, ಈ ಸಿಂಹವೇ ಬೇಕು, ನಾಳೆ ಸಂಜೆಯೊಳಗೆ ಕಳಿಸಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಅದನ್ನಿಟ್ಟಿದ್ದ ವೆಬ್‌ಸೈಟ್ ಮುಚ್ಚಿ ಯಾವ ಕಾಲವಾಯಿತೋ. ಉಳಿದದ್ದು ಮೇಷ್ಟ್ರ ಸೀಡಿಯೊಂದೇ. ಮರುದಿನ, ಈಗ ನಾನಿರುವ ಸಿರಾದಿಂದ ಮಧುಗಿರಿಗೆ ಮೊದಲ ಬಸ್ಸು ಹತ್ತಿದೆ.

ಅವರ ಹಳೇ ಕಂಪ್ಯೂಟರಿನ ಸೀಡಿ ಬಾಗಿಲು ಪಿನ್ನು ಚುಚ್ಚಿದರಷ್ಟೇ ತೆರೆಯುತ್ತಿತ್ತು. ಸೀಡಿ ಕರಕರ ತಿರುಗಿತು. ನಿಂತಿತು. ಮತ್ತೆ ತಿರುಗಿತು.

"ಮೇಜು ಮುಟ್ಬ್ಯಾಡ" ಎಂದು ಪಿಸುಗುಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಸಿಂಹ ನನ್ನ ಪೆನ್‌ಡ್ರೈವಿಗೆ ಬಂದೇ ಬಂತು. ಕಾಗದ ಮಾತ್ರ, ಐದು ಸಲ ಒತ್ತಿದರೂ ತೆರೆಯಲಿಲ್ಲ.

"ಏನಂತ ಬರ್ದಿದ್ರು, ನೆನಪೈತಾ ಸಾರ್?"

"ಇಲ್ಲ ಕಣಮ್ಮ. ನೆನಪಿಲ್ದೆ ಹೆಂಗೆ ಹೂಂ ಅನ್ಲಿ?" ಎಂದವರೇ ಪೆನ್‌ಡ್ರೈವ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡರು.

"ಇಪ್ಪತ್ತು ವರ್ಷದ ಗೊಂಬೆ ಸಾರ್! ಯಾರು ಬಂದು ಕೇಳ್ತಾರೆ?"

"ಯಾರೂ ಕೇಳಲ್ಲ. ಅದ್ಕೇ ನಾವು ಕೇಳ್ಕಬೇಕು."

ಬೇಡಿಕೊಂಡೆ, ಅತ್ತೂಬಿಟ್ಟೆ. ಜಪ್ಪಯ್ಯ ಅಂದರೂ ಆ ಕೈ ಜೇಬು ಬಿಡಲಿಲ್ಲ. ಗಡಿಯಾರ ಮೂರು ದಾಟಿತು. "ನಿಮ್ಮ ಹಟಕ್ಕೆ ನನ್ನ ಕೆಲ್ಸ ಹೋಯ್ತು, ಇನ್ನು ಈ ಮೆಟ್ಲು ಹತ್ತಲ್ಲ" ಎಂದು ಬಾಗಿಲು ಬಡಿದು ಬಂದೆ. ಕೆಲಸ ಹೋಯಿತು. ಮೆಟ್ಟಿಲನ್ನೂ ಹತ್ತಲಿಲ್ಲ. ಆಮೇಲೆ ಎರಡು ಸಲ ಅವರ ಫೋನ್ ಬಂತು. ಹೆಸರು ನೋಡಿ ಎತ್ತಲಿಲ್ಲ. ನನ್ನ ಕೊಬ್ಬಿಗೆ ಏನೆನ್ನಲಿ!

ಆರು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ತಿಥಿಗೆ ಹೋದಾಗ ಅವರ ಮಗಳು ಅದೇ ಪೆನ್‌ಡ್ರೈವನ್ನೂ ಒಂದು ನೋಟ್‌ಬುಕ್ಕನ್ನೂ ಕೈಗಿಟ್ಟಳು.

"ದಿನಾ ಬೆಳಿಗ್ಗೆ ಆ ಸೀಡಿ ಹಾಕ್ಕಂಡು ಕೂರೋರು ಅಕ್ಕ. ಒಂದಿನ ಆ ಕಾಗದ ತೆರ್ಕಂತು. ಅಕ್ಷರ ಅಂಗೈಯಗಲ ಮಾಡ್ಕಂಡು ಓದಿದ್ರು. ನಾನು ಬರ್ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ."

ಪುಟಕ್ಕೆ ಮೂರು ನಾಲ್ಕೇ ಪದ. ಕಾಣದ ಕಣ್ಣಿನ ಅಕ್ಷರಗಳು ಗೆರೆ ಬಿಟ್ಟು ಹತ್ತಿ ಇಳಿದಿದ್ದವು. ಒಂದೊಂದೇ ಪುಟ ತಿರುವಿದೆ. ಈ ಸಿಂಹವನ್ನು ಎಲ್ಲಿ ಬೇಕಾದರೂ ಬಳಸಿ. ದುಡಿಮೆಗೂ ಆಗಬಹುದು. ಗೊಂಬೆಯನ್ನು ಮಾತ್ರ ಮಾರಬೇಡಿ. ಕೆಳಗೆ ಮಾಡಿದವರ ಹೆಸರು.

ಕೊನೆಯ ಪುಟ ಮೇಷ್ಟ್ರದೇ ಮಾತು.

"ಕೇಳ್ದೆ ಕಣಮ್ಮ. ಹೂಂ ಅಂದವ್ರೆ. ಫೋನ್ ಎತ್ತು."