ಬಿದಿರಿನ ಇನ್ನೊಂದು ತುದಿ

ಬಾಳೆಲೆ ಊರಿನ ಮೆಕ್ಯಾನಿಕ್ ಸೋಮಯ್ಯನವರು ಟ್ರಾಕ್ಟರ್ ಆರಿಸಿಕೊಡಲು ಬರುವಾಗ ಅವರ ಕೈಯಲ್ಲಿ ಸ್ಪ್ಯಾನರ್ ಇರುತ್ತಿರಲಿಲ್ಲ. ಹೆಗಲ ಮೇಲೆ ನಾಲ್ಕಾರು ಬಿದಿರುಗಳಿರುತ್ತಿದ್ದವು. ಒಂದೊಂದೂ ಒಂದೊಂದು ಟ್ರಾಕ್ಟರಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ್ದು. ಅದರ ಎರಡು ತುದಿಗಳನ್ನು ಇಬ್ಬರು ಅಡ್ಡಲಾಗಿ ಹಿಡಿದು ಕಾಫಿ ಸಾಲುಗಳ ನಡುವೆ ನಡೆಯಬೇಕು, ಇಳಿಜಾರಿನಲ್ಲಿ ಇಳಿಯಬೇಕು, ತಿರುವಿನಲ್ಲಿ ತಿರುಗಬೇಕು. ಬಿದಿರು ಹೋಗದ ಕಡೆ ಟ್ರಾಕ್ಟರ್ ಹೋಗಬಾರದು. ಎಷ್ಟು ಎಚ್.ಪಿ. ಬೇಕೆಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಎಂಜಿನ್ ಮಾತು ಆಮೇಲೆ. ಮೊದ್ಲು ನಿಮ್ಮ ಜಾಗ ಏನು ಹೇಳ್ತದೆ ಕೇಳುವ."

ಬಿಟ್ಟಂಗಾಲದಲ್ಲಿ ನಮ್ಮದು ಮೂರೇ ಎಕರೆ ತೋಟ. ಅಪ್ಪನಿಗೆ ಮಾತ್ರ ಪಕ್ಕದ ಎಸ್ಟೇಟಿನಲ್ಲಿದ್ದಂಥ ದೊಡ್ಡ ಟ್ರಾಕ್ಟರೇ ಬೇಕಿತ್ತು. ಆಗಷ್ಟೇ ಎಂ.ಎ. ಮುಗಿಸಿ ಬಂದಿದ್ದ ನಾನು, ಮಾರಾಟಗಾರರ ಕರಪತ್ರವನ್ನು ಓದಿಕೊಂಡು ಅಪ್ಪನ ಪರವಾಗಿ ವಾದಿಸಿದೆ. ಸೋಮಯ್ಯನವರು ನನ್ನ ಮಾತು ಮುಗಿಯುವ ತನಕ ಕಾದು, ಓಡಿಸುವವರು ಯಾರೆಂದು ಕೇಳಿದರು. ಕೂಲಿಯವರ ಲೈನ್‌ಮನೆಯ ರಾಜು ಎಂದರು ಅಪ್ಪ.

"ಹಂಗಾದ್ರೆ ಬಿದಿರಿನ ಆ ತುದಿ ರಾಜು ಹಿಡೀಲಿ."

ಅದು ಅವರ ಕಟ್ಟಳೆ. ಸೀಟಿನಲ್ಲಿ ಕೂರುವವರೇ ಬಿದಿರು ಹಿಡಿಯಬೇಕು. ಮಾಲೀಕರು ಹಿಂದೆ ನಡೆಯಬೇಕು. ಮೇಲಿನ ಸಾಲುಗಳಲ್ಲಿ ದೊಡ್ಡ ಟ್ರಾಕ್ಟರಿನ ಬಿದಿರು ರೆಂಬೆಗಳಿಗೆ ಸಿಕ್ಕಿಕೊಂಡಿತು. ರೆಂಬೆ ಕಡಿದರಾಯಿತೆಂದು ಅಪ್ಪ ನಕ್ಕರು. ನೀರು ಹರಿಯುವ ತೋಡಿನ ಬಳಿಯ ತಿರುವಿಗೆ ಬಂದಾಗ ರಾಜು ಅಂಚಿನಲ್ಲಿ ನಿಂತುಬಿಟ್ಟರು. ಬಿದಿರಿನ ತುದಿ ಅವರ ಕೈಯಿಂದಾಚೆಗೆ, ನೆಲವೇ ಇಲ್ಲದ ಕಡೆ ಚಾಚಿಕೊಂಡಿತ್ತು.

"ರೆಂಬೆ ಕಡೀಬೌದು," ಎಂದರು ಸೋಮಯ್ಯನವರು. "ಗುಡ್ಡ ಕಡೀತೀರಾ?"

ಬಳಿಕ ದೊಡ್ಡದು ಇಲ್ಲಿ ತಿರುಗುತ್ತದೆಯೇ ಎಂದು ರಾಜುವನ್ನು ಕೇಳಿದರು. ರಾಜು ಅಪ್ಪನ ಮುಖ ನೋಡಿದರು. ಸೋಮಯ್ಯನವರು ಅಲ್ಲೇ ನೆಲದ ಮೇಲೆ ಕುಳಿತರು. "ನೀ ಹೇಳೋ ತನಕ ನಾ ಏಳಲ್ಲ ಮಾರಾಯ. ಮಗುಚಿದ್ರೆ ಅಡಿಗೆ ಬೀಳೋದು ಇವರಲ್ಲ."

ರಾಜು ಬಿದಿರನ್ನು ಕೆಳಗಿಟ್ಟು ಹೇಳಿದರು: "ದೊಡ್ಡದು ಬೇಡ ಅಣ್ಣ. ಇಲ್ಲಿ ಮಗುಚ್ತದೆ."

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ರಾಜುವಿನ ಅಭಿಪ್ರಾಯ ಕೇಳಿರಲಿಲ್ಲ; ಎಂ.ಎ.ಗಾಗಿ ನ್ಯಾಯದ ಬಗ್ಗೆ ಪುಟಗಟ್ಟಲೆ ಬರೆದಿದ್ದ ನಾನೂ ಕೇಳಿರಲಿಲ್ಲ. ನಾವು ಅಗಲ ಕಡಿಮೆಯ ಸಣ್ಣ ಟ್ರಾಕ್ಟರ್ ಕೊಂಡೆವು. ಅದು ಇಂದಿಗೂ ಆ ತಿರುವಿನಲ್ಲಿ ಸಲೀಸಾಗಿ ತಿರುಗುತ್ತದೆ.

ಸೋಮಯ್ಯನವರನ್ನು ಕೊನೆಯದಾಗಿ ಕಂಡದ್ದು ಅವರ ಶೆಡ್ಡಿನಲ್ಲಿ. ಕಾಯಿಲೆಯಿಂದ ಕುಗ್ಗಿದ್ದರು. ಮೂಲೆಯಲ್ಲಿ ತುದಿಗೆ ಕರಿ ಬಣ್ಣ ಬಳಿದ ಉದ್ದದ ಬಿದಿರೊಂದು ಬೇರೆಯಾಗಿ ನಿಂತಿತ್ತು. ಅದು ಯಾವ ಟ್ರಾಕ್ಟರಿನದೆಂದು ಕೇಳಿದೆ. ಅವರು ತಡೆದು ತಡೆದು ಹೇಳಿದರು. ವರ್ಷಗಳ ಹಿಂದೆ ನೆಲ್ಯಹುದಿಕೇರಿ ಕಡೆಯ ಎಸ್ಟೇಟೊಂದು ಸಲಹೆ ಕೇಳಿದಾಗ, ಜಾಗ ನೋಡದೆಯೇ, ಈ ಶೆಡ್ಡಿನಲ್ಲಿ ಕುಳಿತು, ದೊಡ್ಡದು ಆಗಬಹುದೆಂದಿದ್ದರು. ತಿರುವಿನಲ್ಲಿ ಈ ಬಿದಿರಿನಷ್ಟು ಅಗಲದ ಆ ಟ್ರಾಕ್ಟರ್ ಮಗುಚಿ ಮುತ್ತು ಎಂಬ ಡ್ರೈವರ್ ಸತ್ತರು. ಸೋಮಯ್ಯನವರು ತಾವಾಗಿ ಠಾಣೆಗೆ ಹೋಗಿ ತಪ್ಪು ತಮ್ಮದೆಂದರು. ಅಲ್ಲಿದ್ದವರು ಮನೆಗೆ ಹೋಗೆಂದು ಕಳಿಸಿದರು. ಎಸ್ಟೇಟಿನ ಕಾಗದದಲ್ಲಿ ದಾಖಲಾದದ್ದು ಡ್ರೈವರನ ಅಜಾಗರೂಕತೆ.

"ನೀ ಓದಿದವಳು," ಎಂದರು. "ಮುತ್ತುವಿನ ಹೆಸರಿನ ಮುಂದೆ ಆ ಮಾತು ಉಂಟಲ್ಲ, ಅದನ್ನ ತೆಗೆಸ್ಲಿಕ್ಕೆ ಆಗ್ತದಾ? ತಪ್ಪು ನಂದು ಅಂತ ಬೇಕಾದ್ರೆ ಬರೀಲಿ."

ಕೊಂಡವರು, ಮಾರಿದವರು, ತನಿಖೆ ಮಾಡಿದವರು ಯಾರೂ ಹೊರದ ತಪ್ಪನ್ನು, ಬರಿಯ ಒಂದು ಮಾತು ಆಡಿದ್ದ ಈ ಮನುಷ್ಯ ಅಷ್ಟು ವರ್ಷ ಹೊತ್ತಿದ್ದರು. ಉಳಿದವರ ಪಾಲನ್ನು ಕೇಳುವುದು ನಮ್ಮ ಕೆಲಸವಲ್ಲವೇ? ಎಸ್ಟೇಟಿಗೆ ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ಬರುವಷ್ಟರಲ್ಲಿ ಸೋಮಯ್ಯನವರು ತೀರಿಕೊಂಡಿದ್ದರು. ವಿಷಯ ಹಳೆಯದು ಎಂದಷ್ಟೇ ಅದರಲ್ಲಿತ್ತು.

ತಿರುವು ಹಳೆಯದಾಗುವುದಿಲ್ಲ. ಕಳೆದ ವಾರ ಶೆಡ್ಡಿನಿಂದ ತಂದ ಆ ಕರಿ ತುದಿಯ ಬಿದಿರನ್ನು ಹೊತ್ತು ರಾಜು ಮತ್ತು ನಾನು ಆ ಎಸ್ಟೇಟಿಗೆ ಹೋದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗೇಟಿನಲ್ಲಿ ತಡೆದರು. ಬಂದ ಕಾರಣ ಕೇಳಿ, ಬಾಗಿಲು ತೆರೆದು ಆ ತಿರುವಿನ ದಾರಿ ತೋರಿಸಿದರು. ಒಂದು ತುದಿಯನ್ನು ರಾಜು ಹಿಡಿದರು, ಇನ್ನೊಂದನ್ನು ನಾನು. ತಿರುವಿನಲ್ಲಿ ನನ್ನ ಕಾಲಿಗೆ ನೆಲ ಮುಗಿಯಿತು. ಬಿದಿರು ಇನ್ನೂ ಒಂದು ಮೊಳ ಆಚೆಗಿತ್ತು.

"ಇಲ್ಲಿ ಯಾರು ಓಡ್ಸಿದ್ರೂ ಬೀಳ್ತಿದ್ರು," ಎಂದರು ರಾಜು. "ಹಂಗೇ ಬರೀರಿ."

ಮೂರನೆಯ ಪತ್ರದಲ್ಲಿ ಹಾಗೆಯೇ ಬರೆದಿದ್ದೇನೆ. ಕೆಳಗೆ ರಾಜು ಸಹಿ ಹಾಕಿದ್ದಾರೆ, ನಾನೂ ಹಾಕಿದ್ದೇನೆ. ಸೋಮಯ್ಯನವರು ಇದ್ದಿದ್ದರೆ ಮೊದಲ ಸಹಿ ಅವರದಿರುತ್ತಿತ್ತು.